ಬಾತುಕೋಳಿ ಹಿಂಡು ಬಂದ ವರ್ಷ

ಕಾರಟಗಿ ಕಡೆ ಕಾಲುವೆ ಪಕ್ಕದ ನಮ್ಮ ಹೊಲದಲ್ಲಿ ಇನ್ನೂರು ಗಿರಿರಾಜ ಕೋಳಿ ಸಾಕಿದ್ದೇನೆ. 2025ರ ಮಾರ್ಚ್‌ನಲ್ಲಿ ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲಿ ಹಕ್ಕಿಜ್ವರ ಅಂತ ಸುದ್ದಿ ಬಂದಾಗ ಅದು ದೂರದ ಮಾತು ಅಂದುಕೊಂಡೆ. ಏಪ್ರಿಲ್ ಕೊನೆಗೆ ಭತ್ತ ಕೊಯ್ಲಾಯಿತು, ಎಂದಿನಂತೆ ಬಾತುಕೋಳಿಯವನು ಗದ್ದೆಯಲ್ಲಿ ಮೇಯಿಸಲು ಹಿಂಡು ಹೊಡೆದುಕೊಂಡು ಬಂದ. ಉದುರಿದ ಕಾಳಿಗೆ ನನ್ನ ಕೋಳಿಗಳೂ ಅದೇ ಗದ್ದೆಗಿಳಿದವು. ವಾರ ಕಳೆಯುವಷ್ಟರಲ್ಲಿ ಒಂದು ಬೆಳಗ್ಗೆ ಏಳು ಕೋಳಿ ಸತ್ತು ಬಿದ್ದಿದ್ದವು. ಜುಟ್ಟು ನೀಲಿಗಟ್ಟಿತ್ತು.

"ಇನ್ನ ಬೆಚ್ಚಗ ಅದಾವ, ಕೊಯ್ದು ಸಾರು ಮಾಡಿದ್ರಾತು" ಅಂದರು ಪಕ್ಕದ ಹೊಲದವರು. ಮನಸ್ಸಾಗಲಿಲ್ಲ. ಪಶು ವೈದ್ಯರಿಗೆ ಫೋನ್ ಹಚ್ಚಿದೆ.

"ಬರಿಗೈಲೆ ಮುಟ್ಟಬ್ಯಾಡ್ರಿ, ಕಾಲುವಿಗಂತೂ ಒಗೀಲೇಬ್ಯಾಡ್ರಿ. ಬಾಯಿ ಮೂಗು ಕಟಗೊಂಡು ನಿಲ್ರಿ, ಬಂದೆ" ಅಂದರು.

ಬಂದವರು ಬದುಕಿದ್ದ ಕೋಳಿಗಳ ಗಂಟಲಿನಿಂದ, ಹಿಂಭಾಗದಿಂದ ಮಾದರಿ ತೆಗೆದರು. ಹಕ್ಕಿಜ್ವರ ಹೌದೋ ಅಲ್ಲವೋ ಅನ್ನುವ ಕಡೇ ಮಾತು ಭೋಪಾಲಿನ ಲ್ಯಾಬಿನದಂತೆ. ಹೌದಾದರೆ ನನ್ನವಷ್ಟೇ ಅಲ್ಲ, ಸುತ್ತ ಒಂದು ಕಿಲೋಮೀಟರಿನ ಕೋಳಿಗಳನ್ನೆಲ್ಲ ಕೊಲ್ಲಬೇಕಾಗುತ್ತದೆ. ಬಾತುಕೋಳಿ ಚೆನ್ನಾಗಿ ಓಡಾಡಿಕೊಂಡಿದ್ದರೂ ಹೊಟ್ಟೆಯಲ್ಲಿ ವೈರಸ್ ಇರಬಹುದು, ಹಿಕ್ಕೆ ಬಿದ್ದ ನೀರು ಕುಡಿದ ಕೋಳಿ ಮಾತ್ರ ಕೆಲವೇ ದಿನಗಳಲ್ಲಿ ಸಾಯಬಹುದು. ಇದು ನನಗೆ ಗೊತ್ತೇ ಇರಲಿಲ್ಲ.

ನನ್ನ ಹೆದರಿಕೆ ಮಗಳ ಬಗ್ಗೆ. ಮರಿಗಳನ್ನು ಎತ್ತಿ ಕೆನ್ನೆಗೆ ಒತ್ತಿಕೊಳ್ಳುವ ಹುಡುಗಿ. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಹಕ್ಕಿಜ್ವರದ ವೈರಸ್ ಎಚ್5ಎನ್1 ತಗುಲಿದ ಹದಿನೆಂಟು ಜನರಲ್ಲಿ ಆರು ಮಂದಿ ಸತ್ತಿದ್ದರು. ಮನುಷ್ಯರಿಗೆ ಇದು ಅಪರೂಪ, ಆದರೆ ಬಂದರೆ ಕೆಟ್ಟದ್ದು. ಚೆನ್ನಾಗಿ ಬೆಂದ ಮಾಂಸ, ಮೊಟ್ಟೆಯಲ್ಲಿ ವೈರಸ್ ಉಳಿಯುವುದಿಲ್ಲ. ಅಪಾಯವಿರುವುದು ರೋಗದ ಕೋಳಿಯನ್ನು ಹಿಡಿಯುವ, ಕೊಯ್ಯುವ, ಪುಕ್ಕ ಕೀಳುವ ಕೈಗೆ. ಫಲಿತಾಂಶ ಬರುವವರೆಗೂ ದಿನಾ ಮನೆಯವರೆಲ್ಲರ ಮೈ ಮುಟ್ಟಿ ಜ್ವರ ನೋಡಿದೆ.

ಆರನೇ ದಿನ ಫಲಿತಾಂಶ ಬಂತು. ಹಕ್ಕಿಜ್ವರವಲ್ಲ, ರಾಣಿಖೇತ್, ನಮ್ಮವರು ಹೇಳುವ ಕೊಕ್ಕರೆ ರೋಗ. ಎಂಟನೇ ವಾರದ ಲಸಿಕೆ ತಪ್ಪಿಸಿದ್ದು ನಾನೇ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಅದಕ್ಕೇ ಲ್ಯಾಬು ಬೇಕು. ಅಷ್ಟರಲ್ಲಿ ನಲವತ್ತು ಕೋಳಿ ಹೋಗಿದ್ದವು. ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹೂತೆ.

ಈಗ ಶೆಡ್ಡಿನ ಬಾಗಿಲಿಗೆ ಸುಣ್ಣ ಚೆಲ್ಲಿರುತ್ತೇನೆ, ಒಳಗಿನ ಚಪ್ಪಲಿ ಒಳಗೇ. ಕುಡಿಯಲು ಬೋರಿನ ನೀರು, ಮೇವು ಮಾಡಿನ ಕೆಳಗೆ. ಮೊಟ್ಟೆ ವ್ಯಾಪಾರಿಯ ಟ್ರೇ ಗೇಟಿನಾಚೆ. ಕೊಯ್ಲಿನ ಕಾಲದಲ್ಲಿ ಕೋಳಿ ಹೊರಗೆ ಬಿಡುವುದಿಲ್ಲ.

ಮುಂದಿನ ಕೊಯ್ಲಿಗೆ ಬಾತುಕೋಳಿಯವನು ಮತ್ತೆ ಬಂದ. ಅವನದೂ ಹೊಟ್ಟೆಪಾಡು, ಬರಬೇಡ ಅನ್ನಲಾಗಲಿಲ್ಲ. ಕಾಲುವೆಯ ಆಚೆ ದಂಡೆಯ ಗದ್ದೆ ತೋರಿಸಿದೆ. ಕುಡಿಯುವ ನೀರು ಬೇಕಾದಾಗ ಅಲ್ಲಿಂದಲೇ "ಅಣ್ಣಾ" ಅಂತ ಕೂಗುತ್ತಾನೆ, ನಾನೇ ಕೊಡ ಒಯ್ಯುತ್ತೇನೆ.