ಪಿಎಂ 2.5 ಮಾಪಕ: ಬೆಂಗಳೂರಿನ ದೂಳಿಗೂ ತೇವಕ್ಕೂ ಹೊಂದಿಸಿದ್ದು ಹೀಗೆ

ಪಿಎಂ 2.5 ಎಂದರೆ ಗಾಳಿಯಲ್ಲಿ ತೇಲುವ, 2.5 ಮೈಕ್ರೋಮೀಟರ್‌ವರೆಗಿನ ಸಣ್ಣ ಕಣಗಳು. ಅವನ್ನು ಅಳೆಯುವ ಮಾಪಕ ಜೋಡಿಸಲು ಒಂದು ಸಂಜೆ ಸಾಕಾಯಿತು. ಅದರ ಅಂಕಿಯನ್ನು ನಂಬುವಂತಾಗಲು ಎರಡು ತಿಂಗಳು ಹಿಡಿಯಿತು.

ಬೇಕಾದದ್ದು ಕಣ ಅಳೆಯುವ ಎಸ್‌ಡಿಎಸ್011 ಲೇಸರ್ ಸೆನ್ಸರ್, ಅಂಕಿ ಓದಿ ಬರೆದಿಡುವ ನೋಡ್‌ಎಂಸಿಯು ಬೋರ್ಡ್, ತೇವಾಂಶ ಅಳೆಯುವ ಬಿಎಂಇ280, 5 ವೋಲ್ಟ್‌ನ ಮೊಬೈಲ್ ಚಾರ್ಜರ್. ಲೇಸರ್ ಸೆನ್ಸರ್‌ಗೆ 5 ವೋಲ್ಟ್ ಕೊಡಬೇಕು. ಅದರ ಸಿಗ್ನಲ್ 3.3 ವೋಲ್ಟ್‌ನದು, ಬೋರ್ಡ್‌ಗೆ ನೇರವಾಗಿ ಸೇರಿಸಬಹುದು. 9600 ಬಾಡ್ (ಸೆಕೆಂಡಿಗೆ 9600 ಬಿಟ್) ವೇಗದಲ್ಲಿ 10 ಬೈಟ್‌ಗಳ ಪ್ಯಾಕೆಟ್ ಬರುತ್ತದೆ. ಮೂರನೆಯ ಬೈಟ್‌ಗೆ ನಾಲ್ಕನೆಯದರ 256 ಪಟ್ಟು ಕೂಡಿಸಿ 10ರಿಂದ ಭಾಗಿಸಿದರೆ ಪಿಎಂ 2.5. ಬಿಎಂಇ280 ಕೇಳಿದರೆ ಅದೇ ರೂಪದ ಬಿಎಂಪಿ280 ಕೈಗೆ ಬರುವುದುಂಟು; ಅದು ತೇವಾಂಶ ಅಳೆಯುವುದೇ ಇಲ್ಲ. ಚಿಪ್ ಐಡಿ, ಅಂದರೆ ಚಿಪ್‌ನೊಳಗಿನ ಗುರುತು ಸಂಖ್ಯೆ ಓದಿ ನೋಡಿ: ಹೆಕ್ಸ್‌ನಲ್ಲಿ (16ರ ಎಣಿಕೆಯಲ್ಲಿ) 60 ಇದ್ದರೆ ಬಿಎಂಇ, 58 ಇದ್ದರೆ ಬಿಎಂಪಿ.

ಲೇಸರ್‌ನ ಆಯಸ್ಸು ಸುಮಾರು 8000 ಗಂಟೆ. ಹಗಲಿರುಳು ಓಡಿಸಿದರೆ ವರ್ಷ ತುಂಬುವ ಮೊದಲೇ ಮುಗಿಯುತ್ತದೆ. ಹಾಗಾಗಿ 5 ನಿಮಿಷಕ್ಕೊಮ್ಮೆ 30 ಸೆಕೆಂಡ್ ಮಾತ್ರ ಓಡಿಸುತ್ತೇನೆ. ಫ್ಯಾನ್ ಹದಕ್ಕೆ ಬರುವ ಮೊದಲ 20 ಸೆಕೆಂಡಿನ ಅಂಕಿ ಬಿಟ್ಟು ಉಳಿದದ್ದರ ಸರಾಸರಿ ತೆಗೆದುಕೊಳ್ಳುತ್ತೇನೆ.

ಕವಚಕ್ಕೆ 110 ಮಿ.ಮೀ. ಪಿವಿಸಿ ಬೆಂಡ್ ಎರಡು, ಬಾಯಿ ಕೆಳಮುಖವಾಗಿ. ಜೇಡ ಗೂಡು ಕಟ್ಟದಂತೆ ನೈಲಾನ್ ಜಾಲರಿ. ಗಾಳಿ ಎಳೆಯುವ ಟ್ಯೂಬ್ ಗಿಡ್ಡವಾಗಿರಲಿ, ಉದ್ದವಾದಷ್ಟೂ ಕಣಗಳು ಅದರ ಗೋಡೆಗೇ ಅಂಟುತ್ತವೆ. ಬಿಎಂಇ280 ಅನ್ನು ಬೋರ್ಡ್‌ನ ಮೇಲೆ ಇಡಬೇಡಿ, ಬಾಯಿಯ ಹತ್ತಿರ ಇಳಿಬಿಡಿ. ಬೋರ್ಡ್‌ನ ಬಿಸಿಗೆ ಅದು ತೇವಾಂಶವನ್ನು ಕಡಿಮೆ ತೋರಿಸುತ್ತದೆ, ಮುಂದಿನ ಲೆಕ್ಕವೆಲ್ಲ ಕೆಡುತ್ತದೆ.

ಕೆಡುವುದು ಏಕೆಂದರೆ, ಈ ಸೆನ್ಸರ್ ಕಣವನ್ನು ತೂಗುವುದಿಲ್ಲ, ಕಣ ಚದುರಿಸಿದ ಬೆಳಕನ್ನು ಅಳೆಯುತ್ತದೆ. ತೇವಾಂಶ ಶೇ 70 ದಾಟಿದರೆ ಕಣಗಳು ನೀರು ಹೀರಿ ಉಬ್ಬುತ್ತವೆ. ಮಳೆ ನಿಂತ ಮುಂಜಾನೆ ಗಾಳಿ ಶುಭ್ರವಾಗಿದ್ದರೂ ಅಂಕಿ ಏರುವುದು ಇದರಿಂದಲೇ. ತೇವಾಂಶವನ್ನು ದಶಮಾಂಶದಲ್ಲಿ 'ತೇ' ಎಂದಿಟ್ಟುಕೊಂಡರೆ, ಸೆನ್ಸರ್‌ನ ಅಂಕಿಯನ್ನು ಭಾಗಿಸಬೇಕಾದ ಭಾಜಕ: 1 + 0.25 × ತೇ² ÷ (1 − ತೇ). ಶೇ 80ಕ್ಕೆ ಇದು 1.8, ಶೇ 90ಕ್ಕೆ ಸುಮಾರು 3. ಅದಕ್ಕಿಂತ ಮೇಲಿನ ಓದುಗಳನ್ನು ತಿದ್ದಲು ಹೋಗದೆ ಕೈಬಿಡುತ್ತೇನೆ.

ಆ 0.25 ಆರಂಭಕ್ಕೆ ಮಾತ್ರ. ಮಾಲಿನ್ಯ ನಿಯಂತ್ರಣ ಮಂಡಳಿಯ ಕೇಂದ್ರಕ್ಕೆ ಹತ್ತಿರದ ತಾರಸಿಯಲ್ಲಿ ಮಾಪಕ ಇಟ್ಟು, ಗಂಟೆಯ ಸರಾಸರಿಗಳನ್ನು ಹೋಲಿಸಿ ನಮ್ಮ ಗಾಳಿಗೆ ಒಗ್ಗುವ ಬೆಲೆ ಕಂಡುಕೊಳ್ಳಬೇಕು. ಹೆಬ್ಬಾಳ, ಪೀಣ್ಯ, ಬಿಟಿಎಂ ಲೇಔಟ್‌ಗಳಲ್ಲಿ ಕೇಂದ್ರಗಳಿವೆ. ಅಂಕಿಅಂಶ ಉಚಿತವಾಗಿ ಸಿಗುತ್ತದೆ. ಇಲ್ಲಿ ಎಲ್ಲರೂ ಎಡವುವುದು ಗಡಿಯಾರದಲ್ಲಿ. ಬೋರ್ಡ್ ಗ್ರೀನಿಚ್ ಸಮಯ ಬರೆಯುತ್ತದೆ, ನಮ್ಮದು ಐದೂವರೆ ಗಂಟೆ ಮುಂದೆ. ಮೊದಲು ಗಂಟೆಯ ಸರಾಸರಿ ಮಾಡಿ ಆಮೇಲೆ ಸಮಯ ಸರಿಸಿದರೆ ನಮ್ಮ ಮತ್ತು ಕೇಂದ್ರದ ಸಾಲುಗಳು ಅರ್ಧ ಗಂಟೆ ತಪ್ಪಿಕೊಂಡೇ ಇರುತ್ತವೆ. ಮೊದಲು ಸಮಯ ಸರಿಸಿ, ನಂತರ ಸರಾಸರಿ ಮಾಡಿ. ಬೇಸಿಗೆಯಲ್ಲಿ ಹೊಂದಿಸಿದ್ದನ್ನು ಮಳೆಗಾಲದಲ್ಲಿ ಮತ್ತೊಮ್ಮೆ ಹೋಲಿಸಲೇಬೇಕು.

ಇಷ್ಟು ಪಟ್ಟು ಹಿಡಿಯುವುದಕ್ಕೆ ಕಾರಣವಿದೆ. ಪಿಎಂ 2.5ಕ್ಕೆ ದೇಶದ ಮಾನದಂಡ 24 ಗಂಟೆಯ ಸರಾಸರಿಗೆ ಘನ ಮೀಟರಿಗೆ 60 ಮೈಕ್ರೋಗ್ರಾಂ. ಕಸಕ್ಕೆ ಬೆಂಕಿ ಇಡುವುದರ ವಿರುದ್ಧ ಜನ ಇಂಥ ಅಂಕಿ ಹಿಡಿದು ದೂರು ಕೊಡುತ್ತಾರೆ; ಅಂಕಿ ತಪ್ಪಿದರೆ ನ್ಯಾಯವಾದ ದೂರೂ ಬಿದ್ದುಹೋಗುತ್ತದೆ.

ಪಿಎಂ 10, ಅಂದರೆ 10 ಮೈಕ್ರೋಮೀಟರ್‌ವರೆಗಿನ ಕಣಗಳ ಅಂಕಿಯನ್ನೂ ಈ ಸೆನ್ಸರ್ ತೋರಿಸುತ್ತದೆ. ಆದರೆ ಅಗೆದ ರಸ್ತೆಯಿಂದ ಏಳುವ ದಪ್ಪ ದೂಳು ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಬೆಂಗಳೂರಿನಲ್ಲಿ ಪಿಎಂ 10ರ ದೊಡ್ಡ ಪಾಲು ಅದೇ. ಆ ಅಂಕಣವನ್ನು ಯಾರಿಗೂ ಕೊಡುವುದಿಲ್ಲ.