ಕಳೆ ಕೀಳುವಾಗಲೇ ಸಾರಿನ ಲೆಕ್ಕ

ತುರುವೇಕೆರೆ ಕಡೆ ನಮ್ಮದು ಮೂರು ಎಕರೆ. ಸ್ವಲ್ಪ ತೆಂಗು, ಉಳಿದದ್ದು ಮಳೆ ನಂಬಿದ ರಾಗಿ ಹೊಲ. ಕೊಟ್ಟಿಗೆಯಲ್ಲಿ ಎರಡು ಎಚ್‌ಎಫ್ ತಳಿಯ ಸೀಮೆಹಸು, ಒಂದು ನಾಟಿ, ಕರುಗಳು. "ಇಷ್ಟೆಲ್ಲ ಇಟ್ಕೊಂಡು ಮೂರು ಹೊತ್ತು ಅಡುಗೆ ಹೆಂಗ್ ಮಾಡ್ತೀರ ಅತ್ತಿಗೆ?" ಅಂತ ಬೆಂಗಳೂರಲ್ಲಿರುವ ನಾದಿನಿ ಬಂದಾಗೆಲ್ಲ ಕೇಳುತ್ತಾಳೆ. ಅಡುಗೆಯನ್ನೇ ಬೇರೆ ಕೆಲಸ ಅಂತ ಎಣಿಸಿದರೆ ಆಗುವುದಿಲ್ಲ. ಹೊಲ, ಕೊಟ್ಟಿಗೆ ಎತ್ತ ಹೋಗುತ್ತವೋ ಒಲೆಯೂ ಅತ್ತಲೇ ಹೋಗಬೇಕು.

ಬೆಳಗಿನ ಗಡಿಯಾರ ಡೇರಿಯದು. ಕ್ಯಾನು ಅಲ್ಲಿಗೆ ತಲುಪುವ ತನಕ ಒಲೆ ಮೇಲೆ ಕಣ್ಣಿಡಬೇಕಾದ ಯಾವುದನ್ನೂ ನಾನು ಇಡುವುದಿಲ್ಲ. ಒಗ್ಗರಣೆ ಸೀದೀತು ಅಂತ ಅವಸರದಲ್ಲಿ ಕರೆದರೆ ಕೆಚ್ಚಲಲ್ಲಿ ಹಾಲು ಉಳಿಯುತ್ತದೆ, ಜಿಡ್ಡು ಹೆಚ್ಚಿರುವುದು ಆ ಕೊನೆಯ ಹಾಲಲ್ಲೇ. ಡೇರಿಯಲ್ಲಿ ಫ್ಯಾಟು (ಜಿಡ್ಡು), ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಹಾಲಲ್ಲಿರುವ ಉಳಿದ ಗಟ್ಟಿ ಅಂಶ) ನೋಡಿ ದರ ಕಟ್ಟುವುದರಿಂದ ಅಡುಗೆಮನೆಯ ಅವಸರ ನೇರ ಬಟವಾಡೆಯಲ್ಲಿ ಕಾಣಿಸುತ್ತದೆ. ಹಾಗಾಗಿ ಬೆಳಿಗ್ಗೆಗೆ ಹಿಂದಿನ ರಾತ್ರಿಯ ಹಿಟ್ಟು, ಅಂದರೆ ರಾಗಿ ಮುದ್ದೆ, ಉಳಿದಿದ್ದರೆ ಅದನ್ನೇ ಮಜ್ಜಿಗೆಗೆ ಕಿವುಚಿ, ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿ ಹಾಕಿ ಎಲ್ಲರಿಗೂ ಒಂದೊಂದು ಲೋಟ. ಇಡ್ಲಿ ದೋಸೆ ಹಬ್ಬಕ್ಕೆ, ನೆಂಟರಿಗೆ.

ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಸೊಪ್ಪಿನ ದಂಟು ಎಲ್ಲ ಕಲಗಚ್ಚಿನ ಬಾನಿಗೆ. ಅದಕ್ಕಷ್ಟು ಬೂಸಾ ಕಲಸಿದರೆ ಹಸು ಬಾಯಿ ಎತ್ತುವುದಿಲ್ಲ. ಹುಳಿ ಬಂದ ಅನ್ನ ಮಾತ್ರ ಒಂದಗುಳೂ ಹಾಕಬಾರದು, ಹೊಟ್ಟೆ ಕೆಡುತ್ತದೆ.

ಇನ್ನು ಸೊಪ್ಪು. ಜುಲೈಯಲ್ಲಿ ಬಿತ್ತಿದ ರಾಗಿಗೆ ಕುಂಟೆ ಹಾಯಿಸಿದ ಮೇಲೆ ಸಾಲಿನೊಳಗೆ ಉಳಿದ ಕಳೆಯನ್ನು ಕೈಯಲ್ಲೇ ಕೀಳಬೇಕು. ಆಗ ನನ್ನ ಮಡಿಲಿನಲ್ಲಿ ಎರಡು ಪಾಲು. ಅಣ್ಣೆ ಸೊಪ್ಪು, ಕನ್ನೆ ಸೊಪ್ಪು, ಕೀರೆ, ಗಣಿಕೆ, ಬದುವಿನ ಹತ್ತಿರ ಹೊನಗೊನೆ: ಇವು ಮನೆಗೆ. ಮಿಕ್ಕ ಹುಲ್ಲೆಲ್ಲ ಹಸುವಿಗೆ. "ಹೂ ಕಟ್ಟೋಕೆ ಮುಂಚೆ ಕಿತ್ಕೋ, ಆಮೇಲೆ ನಾರು" ಅನ್ನುವುದು ಅತ್ತೆಯ ಮಾತು. ಅಣ್ಣೆ ಸೊಪ್ಪಿಗಂತೂ ಅದು ನೂರಕ್ಕೆ ನೂರು ನಿಜ, ತೆನೆ ಬಂದ ಮೇಲೆ ಅದು ಬರೀ ದಂಟು. ಒಂದೇ ಜಾತಿಯ ಸೊಪ್ಪು ಒಂದು ಮನೆಗೆ ಸಾಲುವಷ್ಟು ಸಿಗುವುದು ಅಪರೂಪ, ಬೆರಕೆಯೇ ಗತಿ. ರುಚಿಯೂ ಬೆರಕೆಗೇ ಹೆಚ್ಚು ಅನ್ನುವವಳು ನಾನು. ಪಕ್ಕದ ಹೊಲದಲ್ಲಿ ಕಳೆನಾಶಕ ಹೊಡೆದಿದ್ದಾರೆ ಅಂದರೆ ಆ ಬದುವಿನ ಸೊಪ್ಪು ಆ ಹಂಗಾಮಿಗೆ ಮುಟ್ಟುವುದಿಲ್ಲ, ನಮಗೂ ಬೇಡ, ಹಸುವಿಗೂ ಬೇಡ.

ಬೆರಕೆ ಸೊಪ್ಪಿಗೆ ಬಸ್ಸಾರೇ ಸರಿ, ಯಾಕೆಂದರೆ ಒಂದೇ ಬೇಯಿಸುವಿಕೆಯಲ್ಲಿ ಸಾರೂ ಆಯಿತು, ಪಲ್ಯವೂ ಆಯಿತು. ಹೊಲಕ್ಕೆ ಹೋಗುವ ಮುಂಚೆ ಅಲಸಂದೆಯನ್ನೋ ಹುರುಳಿಯನ್ನೋ ನೀರು ಜಾಸ್ತಿ ಇಟ್ಟು ಬೇಯಿಸಿಟ್ಟಿರುತ್ತೇನೆ. ಬಂದ ಮೇಲೆ ಸೊಪ್ಪನ್ನು ಮೂರು ನೀರಲ್ಲಿ ತೊಳೆದು ಅದಕ್ಕೆ ಸೇರಿಸಿ ಒಂದೆರಡು ಕುದಿ, ಆಮೇಲೆ ಬಸಿಯುವುದು. ಬಸಿದ ನೀರೇ ಕಟ್ಟು. ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ ಹುರಿದು, ತೆಂಗಿನಕಾಯಿ, ಹುಣಸೆಹಣ್ಣು, ಸಾರಿನ ಪುಡಿ, ಜೊತೆಗೆ ಬೆಂದ ಕಾಳು ಸೊಪ್ಪು ಒಂದು ಹಿಡಿ ಹಾಕಿ ರುಬ್ಬಿ ಆ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಆ ಒಂದು ಹಿಡಿ ಬಿಟ್ಟರೆ ಸಾರು ನೀರುನೀರು. ಬಸಿದದ್ದಕ್ಕೆ ಒಣಮೆಣಸಿನಕಾಯಿ ಒಗ್ಗರಣೆ, ಕಾಯಿತುರಿ. ರುಬ್ಬಲೂ ಪುರುಸೊತ್ತಿಲ್ಲದ ದಿನ ಅದೇ ಕಟ್ಟಿಗೆ ಬೆಳ್ಳುಳ್ಳಿ ಮೆಣಸಿನ ಖಾರ ಕಲಸಿಕೊಂಡರೆ ಉಪ್ಪುಸಾರು.

ಮುದ್ದೆಗೆ ಒಂದಳತೆ ರಾಗಿಹಿಟ್ಟಿಗೆ ಎರಡಳತೆ ನೀರು. ಎಸರಿಗೆ ಮೊದಲೇ ಒಂದು ಚಮಚ ಹಿಟ್ಟು ಕದಡುತ್ತೇನೆ. ಕುದಿ ಬಂದಾಗ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ತೂತು ಮಾಡಿ, ಉರಿ ತಗ್ಗಿಸಿ ಬಿಡುವುದು. ಆಗಲೇ ತೊಳಸಲು ಹೋದರೆ ಗಂಟು. ಅದು ಬೇಯುವ ಹೊತ್ತಿನಲ್ಲಿ ಕರುವಿಗೆ ನೀರು ಕುಡಿಸಿ ಬರಬಹುದು.

ಒಲೆಯೆಂದರೆ ಗೋಬರ್ ಗ್ಯಾಸು, 2 ಘನ ಮೀಟರಿನ ದೀನಬಂಧು ಮಾದರಿಯ ಗುಂಡಿ. ದಿನಕ್ಕೆ 50 ಕಿಲೋದಷ್ಟು ಸಗಣಿ, ಅಷ್ಟೇ ನೀರು ಕದಡಿ ಬಿಡಬೇಕು. ಹೊರಬರುವ ಬಗ್ಗಡ ತಿಪ್ಪೆಗೆ, ಅಲ್ಲಿಂದ ರಾಗಿಗೆ. ಚಳಿ ಬಿದ್ದರೆ ಗ್ಯಾಸು ಕಮ್ಮಿಯಾಗುತ್ತದೆ. ಆಗ ಹಿತ್ತಲಿನ ಸೌದೆ ಒಲೆ, ತೆಂಗಿನ ಮಟ್ಟೆ.

ರಾಗಿ ಸಾಲಿನ ನಡುವೆ ಅಕ್ಕಡಿಯಾಗಿ ಅವರೆ, ತೊಗರಿ, ಒಂದಿಷ್ಟು ಹುಚ್ಚೆಳ್ಳು ಹಾಕುತ್ತೇವೆ. ಅಕ್ಕಡಿ ಬಿಟ್ಟು ಬರೀ ರಾಗಿ ಬಿತ್ತಿದರೆ ಇಳುವರಿ ಜಾಸ್ತಿ ಅಂತ ಇವರು ಒಮ್ಮೊಮ್ಮೆ ಅನ್ನುವುದುಂಟು. ಹಿಟ್ಟಿಗೆ ಸಾರು ಅಂಗಡಿಯಿಂದ ತರಬೇಕಾಗುತ್ತದಲ್ಲ ಅಂತ ನಾನು ಒಪ್ಪುವುದಿಲ್ಲ. ಒಣಗಿದ ತೊಗರಿಗೆ ಕೆಮ್ಮಣ್ಣು ಕಟ್ಟಿ ಮತ್ತೆ ಒಣಗಿಸಿ ಇಟ್ಟರೆ ಹುಳ ಬೀಳುವುದು ಕಡಿಮೆ. ರಾಗಿಗೆ ಆ ತಾಪತ್ರಯವಿಲ್ಲ, ಚೆನ್ನಾಗಿ ಒಣಗಿದ್ದರೆ ವರ್ಷಗಟ್ಟಲೆ ಇರುತ್ತದೆ.

ಕುಯ್ಲಿಗೆ ನಮ್ಮಲ್ಲಿ ಈಗಲೂ ಮುಯ್ಯಾಳು, ಅಂದರೆ ಕೂಲಿಯಿಲ್ಲದೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ಆಳಾಗಿ ಹೋಗುವುದು. ಆವತ್ತು ಹೊರಗಿನ ಒಲೆ ಮೇಲೆ ದೊಡ್ಡ ಪಾತ್ರೆಯಲ್ಲಿ ಹಸಿ ಅವರೆಕಾಳಿನ ಸಾರು, ಹಿಟ್ಟು, ಅನ್ನ, ಮಜ್ಜಿಗೆ. ಪಲ್ಯದ ಗೋಜಿಲ್ಲ. ಆಳು ಹೆಚ್ಚಾದರೆ ಸಾರಿಗೆ ನೀರು ಹೊಯ್ಯುವವರಿದ್ದಾರೆ. ನಾನು ಇನ್ನೊಂದು ಕಾಯಿ ಒಡೆಯುತ್ತೇನೆ, ಮಾರನೇ ದಿನ ಅವರ ಹೊಲಕ್ಕೆ ಹೋಗಿ ಅವರ ಮನೆ ಸಾರು ಉಣ್ಣಬೇಕಾದವಳು ನಾನೇ ತಾನೆ.