ತಪ್ಪಿನ ಜಾಡು ಹಿಡಿದು ನಕಲು ಪತ್ತೆ ಮಾಡುವುದು ಹೇಗೆ?

‘ನಮ್ಮ ಜಿಲ್ಲೆಯ ಪರಿಚಯ’ ಎಂಬ ಪ್ರಾಜೆಕ್ಟ್ ಕೊಟ್ಟರೆ ಸಾಕು, ಕೊಡಗಿನ ಯಾವ ಶಾಲೆಯಲ್ಲಾದರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಹ ಪ್ರಬಂಧಗಳು ಶಿಕ್ಷಕರ ಮೇಜಿಗೆ ಬರುತ್ತವೆ. ಭಾಷೆ ಸೊಗಸಾಗಿದೆ ಎಂಬ ಕಾರಣಕ್ಕೇ ಅನುಮಾನಿಸುವುದು ನ್ಯಾಯವಲ್ಲ. ಚೆನ್ನಾಗಿ ಬರೆಯುವ ಮಕ್ಕಳೂ ಇದ್ದಾರೆ. ನಕಲನ್ನು ಹೆಚ್ಚು ಖಚಿತವಾಗಿ ತೋರಿಸಿಕೊಡುವುದು ತಪ್ಪು ಮಾಹಿತಿ. ಸರಿಯಾದ ಇಸವಿಯನ್ನು ಮೂವರು ಬರೆದರೆ ಅದರಿಂದ ಏನೂ ಸಾಬೀತಾಗದು. ಮೂವರೂ ಒಂದೇ ತಪ್ಪು ಇಸವಿ ಬರೆದಿದ್ದರೆ ಅವರ ಮೂಲ ಒಂದೇ ಇರಬೇಕು.

ಆದ್ದರಿಂದ ಮೊದಲ ಓದಿನಲ್ಲಿ ಅಂಕ ಹಾಕದೆ, ಹೆಸರು, ಇಸವಿ, ಅಳತೆ ಹಾಗೂ ‘ಮೊದಲ’, ‘ಅತಿ ಎತ್ತರದ’ ಎಂಬಂತಹ ಮಾತುಗಳಿಗೆ ಪೆನ್ಸಿಲಿನಿಂದ ಅಡಿಗೆರೆ ಎಳೆಯಬೇಕು. ನಮ್ಮ ಜಿಲ್ಲೆಯ ಮಟ್ಟಿಗೆ ಎಡವುವ ಜಾಗಗಳು ಬಹುತೇಕ ಗೊತ್ತಿರುವಂಥವೇ. ಕೆ.ಎಂ. ಕಾರ್ಯಪ್ಪ ಅವರನ್ನು ಭಾರತದ ಮೊದಲ ಫೀಲ್ಡ್ ಮಾರ್ಷಲ್ ಎಂದು ಬರೆಯುವುದುಂಟು. ಅವರು 1949ರ ಜನವರಿ 15ರಂದು ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು, ಆದರೆ ಫೀಲ್ಡ್ ಮಾರ್ಷಲ್ ಪದವಿ ಅವರಿಗೆ ಬಂದದ್ದು 1986ರಲ್ಲಿ, ಮಾಣೆಕ್‌ ಷಾ ಅವರಿಗೆ 1973ರಲ್ಲೇ ಬಂದ ಮೇಲೆ. 1,748 ಮೀಟರ್ ಎತ್ತರದ ತಡಿಯಂಡಮೋಳ್ ಕೊಡಗಿನ ಅತಿ ಎತ್ತರದ ಶಿಖರವೇ ಹೊರತು ರಾಜ್ಯದ್ದಲ್ಲ. ಆ ಸ್ಥಾನ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯದು. ಪ್ರತ್ಯೇಕ ‘ಸಿ’ ವರ್ಗದ ರಾಜ್ಯವಾಗಿದ್ದ ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾದದ್ದು 1947ರಲ್ಲಲ್ಲ, 1956ರ ನವೆಂಬರ್ 1ರಂದು.

ಇವು ತಪ್ಪುಗಳಾದರೆ, ‘ಕೊಡಗಿನಲ್ಲಿ ಮೂರು ತಾಲ್ಲೂಕುಗಳಿವೆ’ ಎಂಬ ವಾಕ್ಯ ಇನ್ನೊಂದು ಬಗೆಯದು. ಕುಶಾಲನಗರ, ಪೊನ್ನಂಪೇಟೆ ಸೇರಿ ಈಗ ಐದಿವೆ. ಹಾಗಾಗಿ ಆ ವಾಕ್ಯ ಬಂದಿರುವ ಆಕರ ಹಳೆಯದೆಂದು ತಿಳಿಯುತ್ತದೆ. ಮಳೆಯ ಲೆಕ್ಕವೂ ಹೀಗೆಯೇ. ತೋಟದ ಮನೆಯ ಮಗು ಮಳೆಯನ್ನು ಇಂಚಿನಲ್ಲಿ, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ಕೇಳಿ ಬೆಳೆದಿರುತ್ತದೆ. ಅದೇ ಮಗು ಮಿಲಿಮೀಟರಿನಲ್ಲಿ ಬರೆದರೆ ತಪ್ಪೇನಲ್ಲ, ಎಲ್ಲಿಂದ ಸಿಕ್ಕಿತೆಂದು ಕೇಳಬಹುದಷ್ಟೆ. ನೂರು ಇಂಚನ್ನು 250 ಮಿಲಿಮೀಟರ್ ಎಂದು ಬರೆದಿದ್ದರೆ ಮಾತ್ರ ತಿದ್ದಬೇಕು, ಏಕೆಂದರೆ ಅದು 2,540.

ಎರಡನೆಯ ಹಂತ ಹುಡುಕಾಟ. ಪ್ರಬಂಧದ ಮೊದಲ ವಾಕ್ಯವನ್ನು ಮಕ್ಕಳು ಸಾಮಾನ್ಯವಾಗಿ ಬದಲಿಸಿರುತ್ತಾರೆ, ಆದ್ದರಿಂದ ನಡುವಿನ ಒಂದು ವಾಕ್ಯದಿಂದ ಆರೇಳು ಪದಗಳನ್ನು ಆರಿಸಿ, ಉದ್ಧರಣ ಚಿಹ್ನೆಗಳೊಳಗೆ ಇಟ್ಟು ಗೂಗಲ್‌ನಲ್ಲಿ ಹುಡುಕಬೇಕು. ಆ ತುಣುಕಿನಲ್ಲಿ ಊರಿನ ಹೆಸರು ಇರದಿರುವುದು ಮೇಲು. ವಿರಾಜಪೇಟೆ, ವೀರಾಜಪೇಟೆ ಎಂಬ ಕಾಗುಣಿತದ ವ್ಯತ್ಯಾಸವೊಂದೇ ಹುಡುಕಾಟವನ್ನು ಕೆಡಿಸಬಲ್ಲದು. ಏನೂ ಸಿಗದಿದ್ದರೆ ಇಂಗ್ಲಿಷ್ ಬರಹವನ್ನು ಯಂತ್ರದಿಂದ ಅನುವಾದಿಸಿರಬಹುದೇ ಎಂದು ನೋಡಬೇಕು. ಮಡಿಕೇರಿಯಲ್ಲೇ ಹುಟ್ಟಿದ ಹುಡುಗ ಉದ್ದಕ್ಕೂ ‘ಕೂರ್ಗ್’, ‘ಮರ್ಕೆರಾ’ ಎಂದು ಬರೆದಿದ್ದರೆ ಅದೇ ಸುಳಿವು.

ನಕಲು ಪತ್ತೆಯ ತಂತ್ರಾಂಶಗಳು ಕೊಡುವ ಶೇಕಡಾವಾರನ್ನು ತೀರ್ಪೆಂದು ತಿಳಿಯಬಾರದು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಗಳು ಶೇ 10ರವರೆಗಿನ ಹೋಲಿಕೆಗೆ ದಂಡ ವಿಧಿಸುವುದಿಲ್ಲ. ಅದೂ ಉನ್ನತ ಶಿಕ್ಷಣಕ್ಕೆ ಮಾಡಿದ ನಿಯಮ, ಪ್ರೌಢಶಾಲೆಯ ಮಕ್ಕಳ ಮೇಲೆ ಅದನ್ನು ಹೇರುವುದು ಅತಿಯಾಯಿತು. ಕೃತಕ ಬುದ್ಧಿಮತ್ತೆಯ ಬರಹವನ್ನು ಗುರುತಿಸುತ್ತೇವೆನ್ನುವ ಸಾಧನಗಳಂತೂ ಸ್ವಂತ ಬರಹವನ್ನೂ ದೂಷಿಸುವುದುಂಟು.

ಕೊನೆಗೆ ವಿದ್ಯಾರ್ಥಿಯನ್ನು ತರಗತಿಯ ಎದುರಿನಲ್ಲಲ್ಲ, ಪ್ರತ್ಯೇಕವಾಗಿ ಕರೆದು, ಅಡಿಗೆರೆ ಎಳೆದ ಎರಡು ವಾಕ್ಯಗಳನ್ನು ತೋರಿಸಿ, ‘ಇದನ್ನು ನಿನ್ನ ಮಾತಿನಲ್ಲಿ ಹೇಳು’ ಎನ್ನಬೇಕು. ಬರೆದವನಾದರೆ ತಡವರಿಸಿಯಾದರೂ ವಿವರಿಸುತ್ತಾನೆ. ವಿವರಿಸಲಾಗದವನಿಗೆ ಸೊನ್ನೆ ಕೊಡುವುದಕ್ಕಿಂತ, ಪ್ರತಿ ಪ್ಯಾರಾದ ಕೆಳಗೆ ಆಕರವನ್ನು ನಮೂದಿಸಿ ಮತ್ತೆ ಬರೆದು ತರಲು ಒಂದು ವಾರದ ಅವಕಾಶ ಕೊಡುವುದು ಲೇಸು. ಪುಸ್ತಕವಾದರೆ ಪುಟಸಂಖ್ಯೆ, ಜಾಲತಾಣವಾದರೆ ನೋಡಿದ ದಿನಾಂಕ, ಕೊಡವ ಕುಟುಂಬದ ಮೂಲಮನೆಯಾದ ಐನ್‌ಮನೆಯ ಹಿರಿಯರು ಹೇಳಿದ್ದಾದರೆ ಅವರ ಹೆಸರು ಮತ್ತು ಊರು ಅಲ್ಲಿರಬೇಕು.